ಓನರಮ್ಮನ ಪಾಲಿನ ಬಿಸಿಲು

ಹೆಬ್ಬಗೋಡಿಯ ಆ ಬೀದಿಯಲ್ಲಿ ಮನೆತನದ ದೊಡ್ಡಸ್ತಿಕೆ ಅಳೆಯುವ ಕ್ರಮವೇ ಬೇರೆ. ಹೆಣ್ಣು ಕೊಡಲು ಬಂದವರು ಹುಡುಗನ ಮುಖ ನೋಡುವ ಮೊದಲು ಕತ್ತೆತ್ತಿ ಮಹಡಿ ಎಣಿಸುತ್ತಾರೆ. ರಾಗಿ ಹೊಲಗಳಿಗೆ ಕಂಪನಿಗಳು ಬಂದವು, ಕಂಪನಿಯವರಿಗೆ ಬಾಡಿಗೆ ಮನೆ ಬೇಕಾಯಿತು, ಮಹಡಿಯ ಮೇಲೆ ಮಹಡಿ ಎದ್ದಿತು. ಅಲ್ಲಿಗೆ ಸರಿ. ಜೊತೆಗೊಂದು ಹಾಳು ಸಂಪ್ರದಾಯವೂ ಬೆಳೆಯಿತು ನೋಡಿ: ಗಾಳಿ ಬೆಳಕಿನ ಮನೆಯೆಲ್ಲ ಬಾಡಿಗೆಯವರಿಗೆ, ಮಾಲೀಕರ ಸಂಸಾರ ಮಾತ್ರ ಕೆಳಗಿನ ಗವಿಯಲ್ಲಿ. ಮೇಲೆ ತಾವೇ ಇದ್ದರೆ, ಬಾಡಿಗೆ ತಿನ್ನಲು ಬಾರದ ಪೆದ್ದರು ಎಂದು ಬೀದಿಯೇ ನಗುತ್ತಿತ್ತು.

ಚಿಕ್ಕಬೈರಪ್ಪನ ಹೆಂಡತಿ ಪಿಳ್ಳಮ್ಮ ಮಟಮಟ ಮಧ್ಯಾಹ್ನ ಲೈಟು ಹಾಕಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಹೊಲದಲ್ಲಿ ಕಳೆ ಕಿತ್ತ ಗಟ್ಟಿ ಜೀವಕ್ಕೆ ಈಗ ಮೂಳೆ ಮೂಳೆಯೂ ನೋವು. "ಮಾತ್ರೆ ಜೊತೆ ದಿನಾ ಒಂದಿಷ್ಟು ಬಿಸಿಲಲ್ಲಿ ಕೂತ್ಕೊಳ್ಳಿ ಅಮ್ಮ" ಎಂದಿದ್ದರು ಡಾಕ್ಟರು. ಬಿಸಿಲೆಲ್ಲಿದೆ? ಎದುರುಮನೆ ಭದ್ರಮ್ಮನ ಕಟ್ಟಡ ಇವರ ಬಿಸಿಲು ನುಂಗಿತ್ತು, ಇವರದು ಅವರದನ್ನು. ತಾರಸಿಯನ್ನು ಮೊಬೈಲ್ ಟವರಿನವರಿಗೆ ಕೊಟ್ಟಾಗಿತ್ತು. ಪಾಪ, ಪಿಳ್ಳಮ್ಮ ಮಹಡಿ ಹತ್ತಿ ಬಾಡಿಗೆಯವರ ಬಾಗಿಲಲ್ಲಿ, "ಒಸಿ ಕುಂತ್ಕಂತೀನಿ ಕಣಮ್ಮ" ಎಂದು ಬೇಡುತ್ತಿದ್ದಳು. ತನ್ನದೇ ಕಟ್ಟಡದಲ್ಲಿ ಬಿಸಿಲಿನ ಭಿಕ್ಷೆ!

ಅಷ್ಟರಲ್ಲಿ ತುದಿ ಮಹಡಿಯ ಬಾಡಿಗೆ ಮನೆ ಖಾಲಿಯಾಯಿತು. ಸೊಸೆ ಕೃಪಾ, ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು, ಬಾಯಿ ತೆರೆದಳು: "ಮಾವ, ಆ ಮನೆಗೆ ನಾವೇ ಹೋಗೋಣ. ಅತ್ತೆ ಮೈಗೆ ಬಿಸಿಲು ಬೀಳ್ಲಿ."

"ತಲೆಗಿಲೆ ಕೆಟ್ಟೈತಾ? ಬೀಗರು ನಗಾಕಿಲ್ವಾ?"

"ದೇಶದ ಲೆಕ್ಕ ಹಾಕೋರೇ ಈಗ ಆದಾಯ ಒಂದನ್ನೇ ನೋಡಿದ್ರೆ ಸಾಲದು ಅಂತಿದಾರೆ ಮಾವ. ಜನ ಆರೋಗ್ಯವಾಗಿದಾರಾ, ನೆಮ್ಮದಿಯಾಗಿದಾರಾ, ಅದನ್ನೂ ಕೇಳ್ಬೇಕಂತೆ. ದುಡ್ಡು ಬೇಕಿರೋದು ಬದುಕೋಕೆ ತಾನೆ?"

"ನೆಮ್ಮದೀನ ಬಾಡಿಗೆಗೆ ಬಿಟ್ರೆ ಎಷ್ಟು ಬತ್ತದೆ? ಅದ್ನ ಯೋಳು ಮೊದ್ಲು!" ಎಂದು ಚಿಕ್ಕಬೈರಪ್ಪ ತನ್ನ ಮಾತಿಗೆ ತಾನೇ ನಕ್ಕು, ಗೇಟಿಗೆ 'ಮನೆ ಬಾಡಿಗೆಗಿದೆ' ಬೋರ್ಡು ನೇತುಹಾಕಿದ.

ಮರುದಿನ ಗಂಡ ಹೋಟೆಲಿಗೆ ಕಾಫಿ ಕುಡಿಯಲು ಹೋದದ್ದೇ ತಡ, ಪಿಳ್ಳಮ್ಮ ಸೊಸೆಯ ಕೈಲಿ ಚಾಪೆ ಹೊರಿಸಿ, ತಾನು ಪಾತ್ರೆ ಹಿಡಿದು, ಏದುಸಿರು ಬಿಡುತ್ತಾ ತುದಿಗೆ ಹತ್ತಿದಳು.

ಬೋರ್ಡು ನೋಡಿ ಎಳೆಪ್ರಾಯದ ಗಂಡ ಹೆಂಡತಿ ಇಬ್ಬರು ಮನೆ ಕೇಳಿಕೊಂಡು ಬಂದರು. ಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದ ಪಿಳ್ಳಮ್ಮ, "ಇದು ಓಗ್ಬುಡ್ತಪ್ಪ. ಕೆಳಗೊಂದೈತೆ, ಓಗಿ ನೋಡ್ಕಳಿ" ಎಂದಳು.

ಅಷ್ಟರಲ್ಲಿ ಚಿಕ್ಕಬೈರಪ್ಪ ಹಿಂತಿರುಗಿ ಕೆಳಗಿನ ಮನೆಯಲ್ಲಿ ತನ್ನ ಮಂಚದ ಮೇಲೆ ಕುಳಿತಿದ್ದ. ಬಂದ ಹುಡುಗ ಒಳಗೆ ಇಣುಕಿ, "ಸಾರ್, ಇದು ಗೋಡೌನಾ?" ಎಂದ.

"ಗೋಡೌನ್ ಯಾಕಪ್ಪಾ ಆಯ್ತದೆ? ನಾನೇ ಇಲ್ಲಿ ಇವ್ನಲ್ಲ!"

"ಓ, ನೀವು ವಾಚ್‌ಮನ್ನಾ? ಓನರ್ ಎಲ್ಲಿದಾರೆ?"

ಚಿಕ್ಕಬೈರಪ್ಪನ ಮುಖ ಹುಳ್ಳಗಾಯಿತು. ಅವರು ಹೋದಮೇಲೆ ಕೋಣೆಯ ಸುತ್ತ ಕಣ್ಣಾಡಿಸಿದ. ಒದ್ದೆ ಗೋಡೆ, ಬೂಷ್ಟು ಹಿಡಿದ ಬಟ್ಟೆ. ಹೆಂಡತಿ ಇಲ್ಲ. ಹಲ್ಲು ಕಡಿಯುತ್ತಾ ಮಹಡಿ ಹತ್ತಿದ.

"ಇಳೀತೀಯಾ ಇಲ್ವಾ?"

"ಇಳಿಯಾಕಿಲ್ಲ." ಪಿಳ್ಳಮ್ಮ ಕೂತಲ್ಲಿಂದ ಕದಲಲಿಲ್ಲ. "ಸತ್ತ ಮ್ಯಾಲೆ ಎಂಗಿದ್ರೂ ಮಣ್ಣಾಗೆ ಇಡ್ತೀಯ. ಉಸ್ರಿರೋವಾಗ್ಲೇ ಯಾಕಯ್ಯಾ ಊಳ್ತೀಯ?"

ಮದುವೆಯಾದಂದಿನಿಂದ ಅವಳು ತನಗಾಗಿ ಏನನ್ನೂ ಕೇಳಿದವಳಲ್ಲ. ಚಿಕ್ಕಬೈರಪ್ಪ ಬಿಸಿಲಿನಲ್ಲಿ ಅವಳ ಮುಖ ನೋಡಿದ. ಇಷ್ಟು ಸೊರಗಿದ್ದಾಳೆಂದು ಕೆಳಗಿನ ಕತ್ತಲಲ್ಲಿ ಅವನಿಗೆ ಕಂಡೇ ಇರಲಿಲ್ಲ. ಪಕ್ಕದಲ್ಲಿ ಕುಕ್ಕರಿಸಿದ.

ಕೆಳಗೆ ಎದುರುಮನೆ ಬಾಗಿಲಿನಿಂದ ಭದ್ರಮ್ಮ ಕತ್ತೆತ್ತಿ ಕೂಗಿ ಕೇಳಿದಳು: "ಏನ್ ಬೈರಪ್ಪ, ಮೇಲಿನ ಮನೆ ಓಯ್ತಾ? ಯಾರು ಬಂದ್ರು ಬಾಡಿಗೆಗೆ?"

ಇಡೀ ಬೀದಿಗೆ ಕೇಳುವಂತಿತ್ತು ಆ ಪ್ರಶ್ನೆ. ಚಿಕ್ಕಬೈರಪ್ಪ ಹೆಂಡತಿಯ ಕಡೆ ನೋಡಿದ. ಆಮೇಲೆ ದನಿ ಎತ್ತಿ, "ಯಾರೂ ಇಲ್ಲ ಕಣಕ್ಕ," ಎಂದ. "ನಾವೇ ಬಂದ್ವಿ."