ಮೂರಡಿಯ ಗುರುತು

ಮೂವತ್ತನಾಲ್ಕು ವರ್ಷ ಕಂಡವರ ಮನೆಗಳಿಗೆಲ್ಲ ವೈರಿಂಗ್ ಮಾಡಿ, ಕೊನೆಗೊಮ್ಮೆ ನನ್ನದೇ ಮನೆಯ ಗೋಡೆಗೆ ಸೀಮೆಸುಣ್ಣ ಹಿಡಿಯುವ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಗಾರೆ ಕಾಣದ ಇಟ್ಟಿಗೆ ಗೋಡೆಗಳ ನಡುವೆ ಖಾಲಿ ಸಿಮೆಂಟು ಚೀಲದ ಮೇಲೆ ಕೂತು, ಇಷ್ಟು ಲೈಟು, ಇಷ್ಟು ಫ್ಯಾನು ಎಂದು ಪಟ್ಟಿ ಬರೆಯುತ್ತಿದ್ದೆ. ಬೇರೆಯವರ ಪಟ್ಟಿ ಬರೆಯುವಾಗ ಬರುವ ಆಕಳಿಕೆಯೇ ಇಲ್ಲೂ ಬರುತ್ತಿತ್ತು.

ಮನೆ ಚಿಕ್ಕದು. ಒಂದು ಹಾಲ್, ಒಂದು ಮಲಗುವ ಕೋಣೆ, ಅಡುಗೆಮನೆ. ಇಷ್ಟಕ್ಕೆ ಸಿಂಗಲ್ ಫೇಸ್ ಧಾರಾಳವಾಗಿ ಸಾಕು. ನಾನು ತ್ರೀ ಫೇಸ್ ಬೇಕೆಂದು ಹಟ ಹಿಡಿದದ್ದು ಬೀದಿ ಕಡೆಯ ಮುಂಗೋಣೆಗೋಸ್ಕರ. ಅಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಡಬೇಕು, ರಿಪೇರಿಯಾದದ್ದನ್ನು ಅಲ್ಲೇ ಓಡಿಸಿ ನೋಡಬೇಕು ಎಂಬುದು ನನ್ನ ಆಸೆ. ಆಸೆ ಎನ್ನುವುದಕ್ಕಿಂತ ಗತಿ ಎನ್ನಬೇಕು. ನಾಲ್ಕು ತಿಂಗಳಿಂದ ನನ್ನ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಡಾಕ್ಟರು ಭುಜ ಒತ್ತಿ ನೋಡಿ, "ಇಷ್ಟು ವರ್ಷ ತಲೆ ಮೇಲೆ ಕೈ ಎತ್ಕೊಂಡೇ ದುಡಿದಿದ್ದೀರಿ. ಇನ್ನು ಆ ಕೆಲಸ ಮರೆತುಬಿಡಿ" ಎಂದಿದ್ದರು. ಏಣಿ ಹತ್ತುವ ಕೆಲಸ ಬಂದಾಗಲೆಲ್ಲ ಏನೋ ಒಂದು ನೆಪ ಹೇಳಿ ಬೇರೆಯವರಿಗೆ ದಾಟಿಸುತ್ತಿದ್ದೆ. ಕೂತು ಮಾಡುವ ಕೆಲಸವೊಂದೇ ನನಗೆ ಉಳಿದಿದ್ದ ದಾರಿ.

ಹೆಂಡತಿಗೆ ಹೇಳಿರಲಿಲ್ಲ. ಹೋದ ವರ್ಷ ಏಣಿಯಿಂದ ಬಿದ್ದು ಕಾಲು ಉಳುಕಿಸಿಕೊಂಡಾಗಲೇ ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಮೈಗೆ ಇನ್ನೊಂದು ಏನಾದ್ರೂ ಮಾಡ್ಕೊಂಡು ಬಂದ್ರೆ ಆ ಟೂಲ್ಸ್ ಬ್ಯಾಗನ್ನ ಒಲೆಗೆ ಹಾಕ್ತೀನಿ. ಹೊಸ ಮನೇಲಿ ನಾಲ್ಕು ಬಲ್ಬು, ಎರಡು ಫ್ಯಾನು ಹಾಕ್ಕೊಂಡು ತೆಪ್ಪಗೆ ಕೂತ್ಕೊಳ್ಳಿ." ಸೈಟು ಅವಳ ಹೆಸರಿನಲ್ಲಿತ್ತು. ಕರೆಂಟಿನ ಅರ್ಜಿಗೆ ಅವಳ ಸಹಿಯೇ ಬೇಕು. ಕೈಯ ವಿಷಯ ಗೊತ್ತಾದರೆ ತ್ರೀ ಫೇಸೂ ಇಲ್ಲ, ಅಂಗಡಿಯೂ ಇಲ್ಲ. ನಾನು ದಿನವಿಡೀ ಕಿಟಕಿ ಪಕ್ಕ ಕೂತು ಹೋಗಿ ಬರುವವರನ್ನು ಎಣಿಸಬೇಕು. ಅದನ್ನು ನೆನೆಸಿಕೊಂಡರೇ ಹೆದರಿಕೆಯಾಗುತ್ತಿತ್ತು. ಬಾಡಿಗೆ ಮನೆಗೆ ಹೋಗಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕುವಾಗ ಅಂಥ ನೋವೇನೂ ಆಗದ್ದರಿಂದ ಗುಟ್ಟು ಇಷ್ಟು ದಿನ ಗುಟ್ಟಾಗಿಯೇ ಉಳಿದಿತ್ತು.

ಅವತ್ತು ಸಂಜೆಯೊಳಗೆ ಅರ್ಜಿ ಕೊಡಬೇಕಿತ್ತು. ಅವಳು ಸಹಿ ಹಾಕಲು ಬರುವುದರೊಳಗೆ ಗೋಡೆಯ ಗುರುತುಗಳನ್ನೆಲ್ಲ ಮುಗಿಸಿಬಿಡೋಣವೆಂದು ಬೆಳಗ್ಗೆಯೇ ಬಂದಿದ್ದೆ. ಹಾಲಿಗೆ ಕೆಂಪು ಸೀಮೆಸುಣ್ಣ, ಅಡುಗೆಮನೆಗೆ ಹಳದಿ, ಮಲಗುವ ಕೋಣೆಗೂ ಗೀಸರಿಗೂ ನೀಲಿ. ಒಂದೊಂದು ಫೇಸಿಗೆ ಒಂದೊಂದು ಬಣ್ಣ. ಯಾವುದೋ ಒಂದರ ಮೇಲೇ ಹೊರೆಯೆಲ್ಲ ಬೀಳಬಾರದು. ಮುಂಗೋಣೆಗೆ ಮಾತ್ರ ಮೂರೂ ಬಣ್ಣ ಬಳಿದೆ.

ಗೋಡೆ ಕೊರೆಯಲು ಬಂದ ಮೇಸ್ತ್ರಿ ಗುರುತುಗಳನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಏನಣ್ಣ ಇದು, ಸ್ವಿಚ್ಚೆಲ್ಲ ಮೂರಡಿಗೆ? ಊರವರ ಮನೇಲೆಲ್ಲ ನಾಲ್ಕೂವರೆ ಅಡಿ, ನಾಲ್ಕೂವರೆ ಅಡಿ ಅಂತ ನನ್ನ ಪ್ರಾಣ ತಿಂತಿದ್ದೆ."

"ಈಗ ಇದೇ ಫ್ಯಾಷನ್ನು."

"ಕುಳ್ಳರಿಗೇನಾದ್ರೂ ಬಾಡಿಗೆಗೆ ಕೊಡ್ತೀಯಾ?"

"ಬಾಯಿ ಮುಚ್ಕೊಂಡು ಕೊರಿಯಪ್ಪಾ."

ಅವನು ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. "ಅತ್ತಿಗೇನ ನಡೆಸಿದ್ಯಾ?" ಎಂದ.

ನಡೆಸುವುದು ನನ್ನದೇ ಪದ್ಧತಿ. ಯಾರ ಮನೆಯಾದರೂ ಸರಿ, ಗುರುತು ಹಾಕುವ ಮೊದಲು ಆ ಮನೆಯಾಕೆಯನ್ನು ಕರೆಸಿ, ಕಣ್ಣು ಮುಚ್ಚಿ ಬಾಗಿಲಿಂದ ಬಾಗಿಲಿಗೆ ನಡೆಯಲು ಹೇಳುತ್ತೇನೆ. ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ ಕೈ ಚಾಚಬೇಕು. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು. ಇಷ್ಟು ವರ್ಷದಲ್ಲಿ ಒಂದು ಮನೆಯನ್ನೂ ಬಿಟ್ಟವನಲ್ಲ. ಈ ಮನೆಯಲ್ಲಿ ಮಾತ್ರ ನನ್ನ ಕೈ ಎಟುಕಿದಲ್ಲಿಗೆ ಗುರುತು ಹಾಕಿ ಮುಗಿಸಿದ್ದೆ. ಇನ್ನೊಂದು ವರ್ಷಕ್ಕೆ ಈ ಭುಜ ಇನ್ನೆಷ್ಟು ಕೆಳಗೆ ಇಳಿಯುತ್ತದೋ ಎಂದು ಎದೆಮಟ್ಟಕ್ಕಿಂತಲೂ ತಗ್ಗಿಸಿಯೇ ಹಾಕಿದ್ದೆ.

"ಯಾರನ್ನ ನಡೆಸೋದು?" ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಅರ್ಜಿಯ ಫೈಲು.

"ನಿಮ್ಮನ್ನೇ ಅತ್ತಿಗೆ. ನಾಡಿನ ಹೆಂಗಸರನ್ನೆಲ್ಲ ನಡೆಸಿದ ಮಹಾನುಭಾವ ಸ್ವಂತ ಹೆಂಡ್ತೀನ ಮರೆತಿದ್ದಾನೆ. ಈ ಗುರುತು ನೋಡಿ, ಮಂಡಿಗೆ ಹತ್ತಿರ ಬಂದಿದೆ."

ಅವಳು ನನಗಿಂತ ಎರಡೇ ಬೆರಳು ಗಿಡ್ಡ. ಅವಳ ಕೈ ಸಹಜವಾಗಿ ನಾಲ್ಕಡಿಯ ಮೇಲೆಯೇ ಹೋಗುತ್ತದೆ. ಆಮೇಲೆ ಯಾಕೆ ಇಷ್ಟು ಕೆಳಗೆ ಎಂದು ಕೇಳುತ್ತಾಳೆ. ಅವಳ ಮುಂದೆ ಫ್ಯಾಷನ್ನಿನ ಬೇಳೆ ಬೇಯುವುದಿಲ್ಲ.

"ಅದೆಲ್ಲ ಬೇಡ ಕಣೇ, ಟೈಮಿಲ್ಲ. ಸಹಿ ಹಾಕು" ಎಂದೆ.

"ಇರಲಿ, ನಡೀತೀನಿ" ಎಂದಳು. ಡಬ್ಬಿ ಕೆಳಗಿಟ್ಟು, ಗೋಡೆಗಳ ಮೇಲೊಮ್ಮೆ ಕಣ್ಣಾಡಿಸಿ, ಆಮೇಲೆ ಕಣ್ಣು ಮುಚ್ಚಿದಳು.

ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟು ಕೈ ಚಾಚಿದಳು. ಕೈ ಸೊಂಟದ ಹತ್ತಿರ, ಸರಿಯಾಗಿ ನನ್ನ ಕೆಂಪು ಗುರುತಿನ ಮೇಲೆ ನಿಂತಿತು. ಅಡುಗೆಮನೆಯಲ್ಲಿ ಹಳದಿಯ ಮೇಲೆ, ಮಲಗುವ ಕೋಣೆಯಲ್ಲಿ ನೀಲಿಯ ಮೇಲೆ. ಎಲ್ಲೂ ಒಂದು ಅಂಗೈ ಆಚೀಚೆ ಆಗಲಿಲ್ಲ. ಮೇಸ್ತ್ರಿ ಬಾಯಿ ತೆರೆದುಕೊಂಡು ನೋಡಿದ. "ಸರಿ ಬಿಡಣ್ಣ, ಗಂಡ ಹೆಂಡತಿ ಇಬ್ಬರದೂ ಒಂದೇ ಅಳತೆ" ಎಂದು ಉಳಿ ಸುತ್ತಿಗೆ ಎತ್ತಿಕೊಂಡ. ಬಚಾವಾದೆ ಎಂದುಕೊಂಡೆ. ಅದೃಷ್ಟ ಯಾವಾಗಲೋ ಒಮ್ಮೆಯಾದರೂ ನನ್ನ ಕಡೆ ತಿರುಗಿ ನೋಡಬೇಕಲ್ಲ!

ಮುಂಗೋಣೆಗೆ ಬಂದು ಅವಳು ಕಣ್ಣು ಬಿಟ್ಟಳು. ಮೂರು ಬಣ್ಣದ ಚೌಕದ ಪಕ್ಕ ನಾನು ಬರೆದಿದ್ದ ಇನ್ನೊಂದು ಚಿಕ್ಕ ಚೌಕವನ್ನು ತೋರಿಸಿ, "ಇದೇನು?" ಎಂದಳು.

"ಮೋಟಾರನ್ನ ಕಾಪಾಡೋ ಪೆಟ್ಟಿಗೆ. ಮೂರರಲ್ಲಿ ಒಂದು ಫೇಸು ಹೋದ್ರೆ ಓಡ್ತಿರೋ ಮೋಟಾರು ನಿಲ್ಲಲ್ಲ. ಉಳಿದೆರಡರಲ್ಲೇ ನರಳ್ಕೊಂಡು ಓಡುತ್ತೆ, ಒಳಗೊಳಗೇ ಕಾದು ಸುಟ್ಟುಹೋಗುತ್ತೆ. ಈ ಪೆಟ್ಟಿಗೆ ಇದ್ರೆ ಮೊದಲೇ ನಿಲ್ಲಿಸುತ್ತೆ."

"ಪೆಟ್ಟಿಗೆ ಇಲ್ದಿದ್ರೆ? ಹಾಗಾಗಿದೆ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ?"

"ಸದ್ದಲ್ಲಿ. ದಿನಾ ಕೇಳೋರಿಗೆ ಗೊತ್ತಾಗುತ್ತೆ."

ಅವಳು "ಹ್ಞೂಂ" ಎಂದಳು, ಅಷ್ಟೇ. ಮೇಸ್ತ್ರಿಯನ್ನು ಕರೆದು, "ಈ ಕೋಣೆಯ ಸೂರಿಗೆ ಗಟ್ಟಿಯಾದ ಒಂದು ಕೊಕ್ಕೆ ಕೂರಿಸಿಬಿಡಪ್ಪ. ಚೈನ್ ಪುಲ್ಲಿ ಹಾಕೋಣ. ಮೋಟಾರುಗಳನ್ನ ಯಾರೂ ಕೈಯಲ್ಲಿ ಎತ್ತೋದು ಬೇಡ" ಎಂದಳು. ಆಮೇಲೆ ಫೈಲನ್ನು ಗೋಡೆಗೆ ಆನಿಸಿ, ತ್ರೀ ಫೇಸ್ ಎಂದು ನಾನು ಬರೆದಿದ್ದನ್ನು ಬೆರಳಿಟ್ಟು ಓದಿ, ಸಹಿ ಹಾಕಿದಳು. ನಾನು ನಂಬಲಾರದೆ ಅದನ್ನು ಎರಡು ಸಲ ನೋಡಿದೆ.

ಅರ್ಜಿ ಕೊಟ್ಟು, ಕಚೇರಿಯ ಬೆಂಚಿನ ಮೇಲೆ ಎರಡು ಗಂಟೆ ಕಾದು, ರಸೀದಿ ಹಿಡಿದು ಬಾಡಿಗೆ ಮನೆ ಸೇರುವಷ್ಟರಲ್ಲಿ ಹೈರಾಣಾಗಿದ್ದೆ. ಎಂದಿನಂತೆ ಬಾಗಿಲ ಹಿಂದೆ ಹೋಗಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. ಇಡೀ ದಿನ ಗೋಡೆಗಳ ಎತ್ತರ ನೋಡಿ ನೋಡಿ ಕಣ್ಣಿಗೆ ಅದೇ ಚಾಳಿ ಹತ್ತಿತ್ತೋ ಏನೋ, ಗೂಟದ ಎತ್ತರದ ಮೇಲೆ ಕಣ್ಣು ಹೋಯಿತು. ಅದು ನನ್ನ ಎದೆಗಿಂತ ಕೆಳಗಿತ್ತು. ತಲೆಯ ಮಟ್ಟದಲ್ಲಿ, ಸುಣ್ಣದ ಗೋಡೆಯಲ್ಲಿ, ಸೋಪು ಮೆತ್ತಿ ಮುಚ್ಚಿದ ಎರಡು ಮೊಳೆಯ ತೂತುಗಳಿದ್ದವು.

ಎಡಗೈ ಎತ್ತಿ ಆ ತೂತುಗಳನ್ನು ಮುಟ್ಟಿ ನೋಡಿದೆ. ಗೋಡೆಗಳೇ ನನ್ನ ಕಸುಬು. ನಾಲ್ಕು ತಿಂಗಳಿಂದ ದಿನಾ ಇದೇ ಗೋಡೆಗೆ ಅಂಗಿ ತೂಗುಹಾಕುತ್ತಿದ್ದೆ.

"ಈ ಗೂಟ ಯಾವಾಗ ಇಳಿಸಿದೆ?" ಎಂದು ಕೇಳಿದೆ.

ಅಡುಗೆಮನೆಯಿಂದಲೇ ಅವಳೆಂದಳು: "ಎರಡು ದಿನ ಅಂಗಿ ಕುರ್ಚಿ ಮೇಲೆ ಬಿದ್ದಿತ್ತು. ಮೂರನೇ ದಿನ ಇಳಿಸಿದೆ. ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕಿಡ್ತೀನಿ."