ಮೇಷ್ಟ್ರ ಅರ್ಧ ಮೀಸೆ

ಒಂದು ಬೀದಿ. ಆ ಬೀದಿಯಲ್ಲೊಂದು ಕಟಿಂಗ್ ಶಾಪ್. ಒಂದೇ ಕುರ್ಚಿ, ಒಂದೇ ದೊಡ್ಡ ಕನ್ನಡಿ, ಕಾಯುವವರಿಗೊಂದು ಬೆಂಚು. ಕ್ಷೌರಿಕನ ಕೈ ಎಷ್ಟು ಹಗುರವೆಂದರೆ, ಗಡ್ಡ ಮಾಡಿಸಿಕೊಳ್ಳಲು ಕೂತವರು ಹಾಗೇ ನಿದ್ದೆ ಹೋಗುತ್ತಿದ್ದರು. ಬಾಯಿ ಮಾತ್ರ ಕತ್ತರಿಗಿಂತ ಜೋರು. ಬೀದಿಯ ಸುದ್ದಿಯೆಲ್ಲ ಮೊದಲು ಅಲ್ಲಿಗೆ ಬಂದು, ಆಮೇಲೆ ಉಳಿದ ಕಡೆ ಹೋಗಬೇಕು.

ಎದುರಿಗೆ ಗಾಜಿನ ಬಾಗಿಲಿನ ಹೊಸ ಸಲೂನ್ ಬಂತು ನೋಡಿ, ಅವನ ನೆಮ್ಮದಿಗೆ ಕತ್ತರಿ ಬಿತ್ತು. ಕನ್ನಡಿ ಇದ್ದದ್ದು ರಸ್ತೆಗೆ ಮುಖಮಾಡಿ. ಅದರಲ್ಲಿ ಗಿರಾಕಿಯ ತಲೆಯ ಹಿಂದೆ ಆ ಗಾಜಿನ ಬಾಗಿಲೂ ಕಾಣುತ್ತಿತ್ತು. ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಎಂದು ನೋಡುತ್ತಲೇ ಅವನ ದಿನ ಕಳೆಯುತ್ತಿತ್ತು. ಊಟ ಸೇರುತ್ತಿರಲಿಲ್ಲ. ಸುಮ್ಮನೆ ಕೂತರೂ ಎದೆ ಡವಡವ. ಮನೆಯಲ್ಲಿ ಸಣ್ಣ ಮಾತಿಗೂ ರೇಗಾಟ. ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಮಗಳು ಒಳಕೋಣೆ ಸೇರಿಕೊಳ್ಳತೊಡಗಿದಳು.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರು ಬಂದರು. ಅವರ ಪೊದೆ ಮೀಸೆ ಇಡೀ ಬೀದಿಗೇ ಗೊತ್ತು. ಕ್ಷೌರಿಕ ಮುಖಕ್ಕೆ ನೊರೆ ಹಚ್ಚಿದ, ಮೇಷ್ಟ್ರು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಕನ್ನಡಿಯಲ್ಲಿ ಬೇಕರಿಯವನು ಕಂಡ. ಎಷ್ಟೋ ವರ್ಷದ ಗಿರಾಕಿ, ಈಗ ಎದುರಿನ ಗಾಜಿನ ಬಾಗಿಲು ತಳ್ಳುತ್ತಿದ್ದ! ಕ್ಷೌರಿಕನ ಕಣ್ಣು ಅಲ್ಲೇ ನೆಟ್ಟಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು. ಕೆಳಗೆ ನೋಡಿದರೆ, ಮೂಗಿನಡಿ ಎಡಗಡೆ ಬಟ್ಟ ಬಯಲು.

ಮೇಷ್ಟ್ರು ಕೈಯಿಂದ ತಡವಿ ನೋಡಿಕೊಂಡರು. “ಇಲ್ಲೊಂದು ಮೀಸೆ ಇತ್ತಲ್ಲಪ್ಪಾ?” ಎಂದರು.

ಕ್ಷೌರಿಕನಿಗೆ ಉಳಿದರ್ಧವನ್ನೂ ತೆಗೆಯದೆ ಗತಿಯಿರಲಿಲ್ಲ. ಮೇಷ್ಟ್ರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಟುಹೋದರು. ಬೈದಿದ್ದರೇ ಚೆನ್ನಾಗಿತ್ತು.

ಬೀದಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಷೌರಿಕನಿಗೆ ನಗು ಬರಲಿಲ್ಲ. ಇವತ್ತು ಮೀಸೆ, ನಾಳೆ ಗಂಟಲಾದರೆ? ಈ ಯೋಚನೆ ಹೊಕ್ಕಿದ್ದೇ ತಡ, ರೇಜರ್ ಹಿಡಿದರೆ ಬೆರಳು ನಡುಗತೊಡಗಿದವು. ಗಡ್ಡಕ್ಕೆ ಬಂದವರಿಗೆ “ಬ್ಲೇಡು ಖಾಲಿ” ಎಂದು ಸುಳ್ಳು ಹೇಳಿ ಕಳಿಸಿದ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಈ ಕೈ ಹೋದರೆ ಎಲ್ಲವೂ ಹೋದಂತೆ.

ಹೆಂಡತಿ ತಡಮಾಡದೆ ಪಕ್ಕದ ಮನೆಯ ನರ್ಸನ್ನು ಕರೆತಂದಳು. ನರ್ಸ್ ಬಿಪಿ ನೋಡಿ, ಮೊದಲು ಆಸ್ಪತ್ರೆಗೆ ಕಳಿಸಿದಳು. ಡಾಕ್ಟರು ಪರೀಕ್ಷೆ ಮಾಡಿ, ಹೃದಯಕ್ಕೇನೂ ಆಗಿಲ್ಲ, ಚಿಂತೆ ಅತಿಯಾಗಿದೆ, ಮತ್ತೆ ಬಂದು ತೋರಿಸಿ ಎಂದರು.

“ಹಾಗಾದ್ರೆ ಡಾಕ್ಟರು ಹೇಳಿದ್ದನ್ನ ಪಾಲಿಸಿ, ಜೊತೆಗೆ ದಿನಾ ಸ್ವಲ್ಪ ಹೊತ್ತು ಧ್ಯಾನ ಮಾಡಿ ಅಣ್ಣ,” ಎಂದಳು ನರ್ಸ್, ಅವನು ಬಂದು ಹೇಳಿದ್ದನ್ನು ಕೇಳಿ.

“ಅಯ್ಯೋ, ಅದೆಲ್ಲ ಕೆಲ್ಸ ಇಲ್ದೋರಿಗೆ ನರ್ಸಮ್ಮ. ನಾನು ಕಣ್ಣು ಮುಚ್ಕೊಂಡ್ರೆ ಎದುರುಗಡೆಯೋನು ಅಂಗಡಿ ಮುಚ್ತಾನಾ?”

“ಅವನು ಮುಚ್ಚಲ್ಲ. ಆದ್ರೆ ನಿಮ್ ಕೈ ನಿಮ್ ಮಾತು ಕೇಳೋಕೆ ಶುರು ಮಾಡುತ್ತೆ. ನೆಟ್ಟಗೆ ಕೂತ್ಕೊಳ್ಳಿ. ಉಸಿರು ಒಳಗೆ ಹೋಗೋದು, ಹೊರಗೆ ಬರೋದು, ಅಷ್ಟೇ ಗಮನಿಸಿ. ಮನಸ್ಸು ಎಲ್ಲಾದ್ರೂ ಓಡಿದ್ರೆ ವಾಪಸ್ ಕರ್ಕೊಂಡ್ ಬನ್ನಿ. ಐದು ನಿಮಿಷ ಸಾಕು.”

ಕ್ಷೌರಿಕ ಕೂತ. ಕಣ್ಣು ಮುಚ್ಚಿದ್ದೇ ತಡ ಮನಸ್ಸು ರಸ್ತೆ ದಾಟಿ ಗಾಜಿನ ಬಾಗಿಲ ಮುಂದೆ ನಿಂತಿತು. ‘ಥೂ ದರಿದ್ರದ್ದೇ’ ಎಂದು ಜೋರಾಗಿಯೇ ಬೈದು ಎಳೆದುತಂದ. ಮತ್ತೆ ಓಡಿತು. ಹಲ್ಲು ಕಚ್ಚಿ ಮತ್ತೆ ಎಳೆದ. ಏಳುವಷ್ಟರಲ್ಲಿ ಕೂರುವಾಗಿದ್ದುದಕ್ಕಿಂತ ಹೆಚ್ಚು ಸುಸ್ತಾಗಿದ್ದ. ಕೆಲವೇ ದಿನಕ್ಕೆ ಕೈಚೆಲ್ಲಿದ. “ಇದು ನನ್ ಹಣೇಲಿ ಬರೆದಿಲ್ಲ ಕಣೇ,” ಎಂದ ಹೆಂಡತಿಗೆ.

ಆ ವಾರದ ರಜೆಯ ದಿನ ಮಗಳ ಕೂದಲು ಕತ್ತರಿಸಬೇಕಿತ್ತು. ಹುಡುಗಿ ಹೆದರಿ ಭುಜ ಬಿಗಿ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ಬೆಕ್ಕು ಕಂಡಿತು, ತಲೆ ಅತ್ತ ತಿರುಗಿತು. ಕ್ಷೌರಿಕ ಎರಡು ಬೆರಳಿಂದ ಮೆಲ್ಲಗೆ ತಲೆ ನೇರ ಮಾಡಿದ. ಮತ್ತೆ ತಿರುಗಿತು. ಮತ್ತೆ ಎರಡೇ ಬೆರಳು. ಅದು ಅವನ ಕಸುಬಿನ ಅಭ್ಯಾಸ, ಯೋಚಿಸಿ ಮಾಡಿದ್ದಲ್ಲ.

ಹೆಂಡತಿ ನೋಡುತ್ತ ನಿಂತಿದ್ದಳು. “ಏನ್ರೀ, ಇವಳ ತಲೆ ಎಷ್ಟ್ ಸಲ ತಿರುಗ್ತು! ಒಂದ್ಸಲನೂ ಗದರ್ಲಿಲ್ಲ ನೀವು. ನಿಮ್ ಮನಸ್ಸಿಗೆ ಮಾತ್ರ ಯಾಕ್ರೀ ಹಾಗೆ ಬೈತೀರಾ?”

ಕ್ಷೌರಿಕನ ಕತ್ತರಿ ನಿಂತಿತು. ಇಷ್ಟು ಸುಲಭದ ಮಾತು ತನಗೇ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ತನ್ನ ಗಿರಾಕಿ ಕುರ್ಚಿಯಲ್ಲಿ ತಾನೇ ಕೂತ. ಮನಸ್ಸು ರಸ್ತೆ ದಾಟಿತು. ಬೈಯಲಿಲ್ಲ, ಎರಡು ಬೆರಳಲ್ಲಿ ತಿರುಗಿಸಿದಂತೆ ಉಸಿರಿನ ಕಡೆ ತಂದ. ಮತ್ತೆ ಹೋಯಿತು, ಮತ್ತೆ ತಂದ. ಚಿಂತೆ ಒಂದೇ ಸಲಕ್ಕೆ ಮಾಯವಾಗಲಿಲ್ಲ. ಆದರೂ ದಿನಾ ಕೂತ. ಬರಬರುತ್ತ ಊಟ ಸೇರಿತು, ರೇಗಾಟ ಕಡಿಮೆಯಾಯಿತು. ಬೆರಳಿನ ನಡುಕ ಮಾತ್ರ ಪೂರ್ತಿ ಹೋಗಿರಲಿಲ್ಲ.

ಅಂಥದ್ದರಲ್ಲಿ ಮೇಷ್ಟ್ರು ಬಂದರು! ಮೀಸೆ ಅರೆಬರೆ ಚಿಗುರಿತ್ತು. ಏನೂ ಆಗಿಲ್ಲವೆಂಬಂತೆ ಕೂತು, ಕತ್ತೆತ್ತಿ ಕಣ್ಣು ಮುಚ್ಚಿದರು. ಕ್ಷೌರಿಕ ನೊರೆ ಹಚ್ಚಿ ರೇಜರ್ ಎತ್ತಿದ. ಕನ್ನಡಿಯಲ್ಲಿ ಗಾಜಿನ ಬಾಗಿಲು ತೆರೆಯಿತು. ಅವನು ರೇಜರನ್ನು ಕೆಳಗಿಟ್ಟ.

“ಯಾಕಪ್ಪಾ ನಿಲ್ಲಿಸ್ದೆ?”

“ಒಂದ್ನಿಮಿಷ ತಾಳಿ ಮೇಷ್ಟ್ರೆ. ಕೈ ನಡುಗ್ತಿದೆ.”

“ಅವಸರ ಏನಿಲ್ಲ. ನಾನೂ ಇಲ್ಲೇ ಇರ್ತೀನಿ. ಮೀಸೆನೂ ಇಲ್ಲೇ ಇರ್ಲಿ!”

ಕ್ಷೌರಿಕ ಪಾದ ನೆಲಕ್ಕೂರಿ ನಿಂತ. ಉಸಿರು ಬಂತು, ಹೋಯಿತು. ಕಣ್ಣು ಕನ್ನಡಿಯತ್ತ ಓಡಿತು, ಮೆಲ್ಲಗೆ ತಿರುಗಿಸಿ ಮೇಷ್ಟ್ರ ಕೆನ್ನೆಗೆ ತಂದ. ರೇಜರ್ ಎತ್ತಿದ. ಕೆನ್ನೆ ಮುಗಿಯಿತು, ಗದ್ದ ಮುಗಿಯಿತು, ಉಸಿರು ಬಿಗಿ ಹಿಡಿಯದೆ ಗಂಟಲೂ ಮುಗಿಸಿದ. “ಆಯ್ತು ಮೇಷ್ಟ್ರೆ,” ಎಂದ. ಬಗ್ಗಿ ನೋಡಿದರೆ, ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು.

ಈಗ ಬೆಳಿಗ್ಗೆ ಅವನು ಕುರ್ಚಿಯಲ್ಲಿ ಕೂತರೆ, ಬೆಂಚಿನ ಮೇಲೆ ಹೆಂಡತಿ, ಮಗಳೂ ಕಣ್ಣು ಮುಚ್ಚಿ ಕೂರುತ್ತಾರೆ. ಎದುರಿನ ಗಾಜಿನ ಬಾಗಿಲು ಇನ್ನೂ ಇದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಎದುರಿಗೂ ಅಂಥದ್ದೊಂದು ಬಾಗಿಲು ಇದ್ದೀತು. ಎದೆಬಡಿತ, ನಿದ್ದೆಗೇಡು, ದಿಗಿಲು ಬಿಡದೆ ಕಾಡಿದರೆ ಮೊದಲು ಡಾಕ್ಟರಿಗೆ ತೋರಿಸಿ. ಧ್ಯಾನ ಔಷಧಿಯ ಬದಲಿಗಲ್ಲ, ಅದರ ಜೊತೆಗೆ. ನಾಳೆ ಬೆಳಿಗ್ಗೆ ಕೆಲಸಕ್ಕೆ ಕೈ ಹಾಕುವ ಮೊದಲು ಐದು ನಿಮಿಷ ಕೂತು ನೋಡಿ. ಮನಸ್ಸು ಓಡುತ್ತದೆ, ಓಡಲಿ. ಬೈಯಬೇಡಿ. ಎರಡೇ ಬೆರಳು ಸಾಕು.