ಕೆಳಗಿನ ಕೆರೆಗೆ ವೀಳ್ಯ

ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಕೆರೆಯ ತುಂಬ ನೊರೆ ಎದ್ದಿತ್ತು. ಸತ್ತ ಮೀನುಗಳು ಏರಿಗೆ ಬಂದು ಬಡಿಯುತ್ತಿದ್ದವು. ಬಾಶೆಟ್ಟಿಹಳ್ಳಿ ಕಡೆಯ ಕಾರ್ಖಾನೆಯೊಂದು ಮಳೆ ಬಂದಾಗಲೆಲ್ಲ ತನ್ನ ಕೊಳಕನ್ನು ಕೊಳವೆಯಲ್ಲಿ ಕೆರೆಗೆ ನೀರು ತರುವ ಹೊಳೆಗೆ ಬಿಡುವುದು ಊರಿಗೇ ಗೊತ್ತು. ಅರ್ಜಿ ಕೊಟ್ಟರೆ ಅಧಿಕಾರಿಗಳು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಿದ್ದರು. ಹೋದ ಬಾಟಲಿ ಯಾವತ್ತೂ ಬಾಯಿ ಬಿಟ್ಟಿದ್ದಿಲ್ಲ.

ಅಂದು ಅರಳಿಕಟ್ಟೆಯಲ್ಲಿ ಸೇರಿದವರು ಬೇರೆಯದೇ ಉಪಾಯ ಹೂಡಿದರು. ತೂಬು ಎತ್ತಿದರೆ ಕೊಳಕು ಹೊಳೆಗಿಳಿದು ಕೆಳಗಿನ ಊರಿನ ಕೆರೆ ಸೇರುತ್ತದೆ, ನಮ್ಮದು ತಿಳಿಯಾಗುತ್ತದೆ ಎಂದರು. ತೂಬು ಎತ್ತುವ ಹಕ್ಕು ನೀರುಗಂಟಿ ಜವರಪ್ಪನದು.

“ಎತ್ತೋಣ. ಮೊದ್ಲು ಕೆಳಗಿನೋರಿಗೆ ವೀಳ್ಯ ಕೊಟ್ಟು ಬರ್ತೀನಿ,” ಎಂದ ಜವರಪ್ಪ.

ಮೇಲಿನ ಕೆರೆಯ ನೀರು ಬಿಡುವ ಮುಂಚೆ ಕೆಳಗಿನ ಊರಿನ ನೀರುಗಂಟಿಗೆ ಎಲೆ ಅಡಿಕೆ ಕೊಟ್ಟು ಹೇಳಬೇಕು, ಅವರು ಅದನ್ನು ಹಿಡಿದರೆ ಮಾತ್ರ ಬಿಡಬೇಕು. ಅದು ಅವನ ಅಜ್ಜನ ಕಾಲದ ಪದ್ಧತಿ.

“ಅಲ್ಲ ಜವರಪ್ಪಣ್ಣ, ಕೊಳಚೆಗೂ ಯಾರಾದ್ರೂ ವೀಳ್ಯ ಕೊಡ್ತಾರಾ? ಸುಮ್ನೆ ಎತ್ತಿಬಿಡು,” ಎಂದು ಪಂಚಾಯ್ತಿ ಸದಸ್ಯ ದೇವೇಂದ್ರ ನಕ್ಕ.

“ಕಾರ್ಖಾನೆಯೋನೂ ಸುಮ್ನೇ ಬಿಟ್ಟ ಕಣಪ್ಪ. ಮತ್ಯಾಕೆ ಬೆಳಿಗ್ಗೆಯಿಂದ ಅವನನ್ನ ಬೈತಿದ್ದೀಯ?” ಎಂದ ಜವರಪ್ಪ.

ಕೆಳಗಿನ ಊರಿನ ನೀರುಗಂಟಿ ತೀರಿಕೊಂಡ ಮೇಲೆ ಅವನ ಹೆಂಡತಿ ಅಕ್ಕಯಮ್ಮನೇ ಆ ಕೆಲಸ ನೋಡುತ್ತಿದ್ದಳು. ಜವರಪ್ಪ ವೀಳ್ಯದ ಜೊತೆ ಒಂದು ಚೊಂಬು ಕೆರೆ ನೀರನ್ನೂ ಅವಳ ಮುಂದಿಟ್ಟ. ಅವಳು ಮೂಸಿ ನೋಡಿ ಚೊಂಬನ್ನು ದೂರ ತಳ್ಳಿದಳು. ತನ್ನ ಕೆರೆಯಲ್ಲಿ ಈಗಷ್ಟೇ ಮೀನು ಮರಿ ಮಾಡಿವೆ, ಜೊಂಡಿನೊಳಗೆ ನೀರುಕೋಳಿ ಕಾವಿಗೆ ಕೂತಿದೆ, ದನ ಕುಡಿಯುವುದೂ ಅಲ್ಲೇ ಎಂದಳು. ತಾನೂ ತೂಬು ಎತ್ತಿ ಮುಂದಿನ ಊರಿಗೆ ಸಾಗಿಸಬೇಕೇ ಎಂದು ಕೇಳಿದಳು.

“ಈ ವೀಳ್ಯ ನಾನು ಮುಟ್ಟಲ್ಲ ಕಣಣ್ಣ. ನೀನೂ ತೂಬು ಮುಟ್ಬೇಡ. ಈ ಕೊಳಕು ಬರೋ ಕೊಳವೆ ಬಾಯಿ ಎಲ್ಲೈತೆ ತೋರ್ಸು, ನಡಿ.”

ಹೊತ್ತು ನೆತ್ತಿಗೇರುವಷ್ಟರಲ್ಲಿ ಕೆಳಗಿನ ಊರಿನ ಟ್ರ್ಯಾಕ್ಟರ್ ಮರಳಿನ ಚೀಲ ಹೇರಿಕೊಂಡು ಅರಳಿಕಟ್ಟೆಯ ಮುಂದೆ ಬಂದು ನಿಂತಿತು. ಚೀಲಗಳ ಮೇಲೆ ಕೂತಿದ್ದ ಅಕ್ಕಯಮ್ಮ, ಈ ಊರಲ್ಲಿ ಕೈಕಾಲು ನೆಟ್ಟಗಿರೋರು ಯಾರೂ ಇಲ್ವಾ ಎಂದು ಕೇಳಿದಳು. ತಲೆ ತಗ್ಗಿಸಿಕೊಂಡು ಮೊದಲು ಹತ್ತಿದವನು ದೇವೇಂದ್ರ.

ಸಂಜೆಗೆ ಕೊಳವೆಯ ಬಾಯಿ ಮರಳಿನ ಚೀಲಗಳಿಂದ ಬಿಗಿಯಾಗಿ ಮುಚ್ಚಿತ್ತು. ಮತ್ತೆ ಮಳೆ ಹಿಡಿದಾಗ ಬಿಟ್ಟ ಕೊಳಕು ಹಿಂದಕ್ಕೆ ತಿರುಗಿ ಕಾರ್ಖಾನೆಯ ಅಂಗಳದಲ್ಲೇ ಉಕ್ಕಿತು. ಮ್ಯಾನೇಜರ್ ಷೂ ಕೈಯಲ್ಲಿ ಹಿಡಿದುಕೊಂಡು ಗೇಟಿಗೆ ಓಡಿಬಂದು, ಹೇಳದೆ ಕೇಳದೆ ಹೀಗೆ ಮಾಡಬಹುದೇ ಎಂದು ಕೂಗಾಡಿದ.

ಜವರಪ್ಪ ಸೊಂಟದ ಪಂಚೆಯಿಂದ ಅದೇ ವೀಳ್ಯ ತೆಗೆದು ಗೇಟಿನ ಸಂದಿಯಲ್ಲಿ ಚಾಚಿದ.

“ತಗೊಳ್ಳಿ ಸ್ವಾಮಿ. ಈಗ ಹೇಳ್ದಂಗಾಯ್ತು.”